ಮಿಕ್ಸಿ ಗುಂಯ್ ಅನ್ನುತ್ತೆ, ತಿರುಗಲ್ಲ: ಮೋಟರ್ ಹೋಗಿದೆಯಾ, ಜಾರ್ ಹಿಡಿದುಕೊಂಡಿದೆಯಾ?

ಕುವೆಂಪುನಗರ ಅಡುಗೆಮನೆ

750 ವ್ಯಾಟಿನ ಮಿಕ್ಸಿ, ಮೂರು ಜಾರ್. ಸಣ್ಣ ಜಾರಿಗೆ ಚಟ್ನಿ ಹಾಕಿ 1ಕ್ಕೆ ತಿರುಗಿಸಿದರೆ ಗುಂಯ್ ಅನ್ನುತ್ತೆ, ಬ್ಲೇಡ್ ಅಲುಗಲ್ಲ. ಎಡಗಡೆ ಪಲ್ಸ್‌ಗೆ ತಂದರೆ ಒಮ್ಮೊಮ್ಮೆ ಜರ್ ಅಂತ ಹೊರಡುತ್ತೆ. ಎರಡು ಮೂರು ಸೆಕೆಂಡಿಗೇ ಸುಟ್ಟ ವಾಸನೆ, ಗಾಳಿಕಂಡಿಯಲ್ಲಿ ಕಿಡಿಯೂ ಕಾಣುತ್ತೆ. ಮನೆಯಲ್ಲಿ ಮಲ್ಟಿಮೀಟರ್, ಸ್ಕ್ರೂಡ್ರೈವರ್ ಸೆಟ್ಟು, ಇಕ್ಕಳ ಇವೆ. ಅಂಗಡಿಗೆ ಹೊತ್ತುಕೊಂಡು ಹೋಗೋ ಮೊದಲು, ಮೋಟರ್ ನಿಜಕ್ಕೂ ಹೋಗಿದೆಯೋ ಇಲ್ಲವೋ ಅಂತ ಮನೆಯಲ್ಲೇ ಖಚಿತ ಮಾಡಿಕೊಳ್ಳೋಕೆ ಯಾವ ಕ್ರಮದಲ್ಲಿ ನೋಡಬೇಕು? ಗೊತ್ತಿರೋರು ತಿಳಿಸಿ.

ಮಲ್ಟಿಮೀಟರ್ ಮೈಸೂರು

ಮೊದಲು ಪ್ಲಗ್ ಕಿತ್ತು ಪಕ್ಕಕ್ಕಿಡಿ. ಹೊರಡುತ್ತೇನೋ ನೋಡೋಣ ಅಂತ ಮತ್ತೆ ಮತ್ತೆ ಸ್ವಿಚ್ ತಿರುಗಿಸೋದೇ ಅರ್ಧ ಮೋಟರ್‌ಗಳನ್ನ ಕೊಲ್ಲೋದು. 750 ವ್ಯಾಟಿನ ಮಿಕ್ಸಿ 230 ವೋಲ್ಟಿನಲ್ಲಿ ಓಡುವಾಗ ಸುಮಾರು 3.3 ಆಂಪಿಯರ್ ಎಳೆಯುತ್ತೆ. ತಿರುಗದೆ ನಿಂತಾಗ ಅದರ ಎಷ್ಟೋ ಪಟ್ಟು ಎಳೆಯುತ್ತೆ. ತಳದ ಫ್ಯಾನ್ ಇರೋದು ಮೋಟರ್‌ನ ತಿರುಗೋ ಕಂಬಿ, ಅಂದರೆ ಶಾಫ್ಟಿನ ಮೇಲೆ, ಹಾಗಾಗಿ ಆ ಹೊತ್ತಿಗೆ ಗಾಳಿಯೂ ಇಲ್ಲ. ತಂತಿಯ ವಾರ್ನಿಷ್ ಬೇಯೋಕೆ ಕೆಲವು ಸೆಕೆಂಡು ಸಾಕು.

ಈಗ ಜಾರ್ ತೆಗೆದು, ಮೋಟರ್ ಮೇಲಿನ ಕಪ್ಲರ್ ಅನ್ನ (ಜಾರಿನ ತಳಕ್ಕೆ ಕಚ್ಚಿಕೊಳ್ಳೋ ಹಲ್ಲಿನ ಬಿಲ್ಲೆ) ಬೆರಳಲ್ಲಿ ತಿರುಗಿಸಿ. ಕಾರ್ಬನ್ ಬ್ರಷ್ (ಮೋಟರ್‌ನ ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ತುಂಡು) ಉಜ್ಜೋ ಸಣ್ಣ ತಡೆ ಬಿಟ್ಟರೆ ಸರಾಗವಾಗಿ ತಿರುಗಬೇಕು. ಆಮೇಲೆ ಒಂದೊಂದೇ ಜಾರನ್ನ ಬೋರಲು ಹಿಡಿದು ಅದರ ತಳದ ಕಪ್ಲರ್ ತಿರುಗಿಸಿ. ಇದೂ ಒಂದೇ ಬೆರಳಿಗೆ ತಿರುಗಬೇಕು. ಯಾವುದು ಬಿಗಿ ಇದೆಯೋ ರೋಗ ಅಲ್ಲೇ.

ಮೋಟರ್ ಸರಾಗವಿದ್ದರೆ ಜಾರ್ ಇಲ್ಲದೆ ಪ್ಲಗ್ ಹಾಕಿ 1ರಲ್ಲಿ ಎರಡೇ ಸೆಕೆಂಡು ಓಡಿಸಿ ನಿಲ್ಲಿಸಿ. ಜಾರ್ ಲಾಕ್ ಇರೋ ಮಾಡೆಲ್ ಆದರೆ ಜಾರ್ ಇಲ್ಲದೆ ಹೊರಡಲ್ಲ, ಅದಕ್ಕೆ ಸರಾಗವಾಗಿ ತಿರುಗೋ ಖಾಲಿ ಜಾರ್ ಕೂರಿಸಿ. ಹೊರೆ ಇಲ್ಲದಾಗ ಈ ಮೋಟರ್ ನಿಮಿಷಕ್ಕೆ 18,000 ಸುತ್ತಿಗೂ ಮೇಲೆ ಹೋಗಬಲ್ಲದು, ಸುಮ್ಮನೆ ಓಡಿಸುತ್ತಾ ಇರಬೇಡಿ.

ಗುಂಯ್ ಅಂದರೆ ಒಳಗೆ ಕರೆಂಟ್ ಹರಿಯುತ್ತಿದೆ, ಏನೋ ಹಿಡಿದುಕೊಂಡಿದೆ, ಇಲ್ಲವೇ ಆರ್ಮೇಚರ್ (ಮೋಟರ್‌ನಲ್ಲಿ ತಿರುಗೋ ತಂತಿಸುರುಳಿ ಭಾಗ) ಶಾರ್ಟ್ ಆಗಿದೆ. ಏನೂ ಸದ್ದೇ ಇಲ್ಲ ಅಂದರೆ ಎಲ್ಲೋ ದಾರಿ ಕಡಿದಿದೆ. ಇವೆರಡರ ಹುಡುಕಾಟವೂ ಬೇರೆ ಬೇರೆ.

ಪೇಟೆಬೀದಿ ಮಂಡ್ಯ

ಕಪ್ಲರ್ ಹಲ್ಲು ನೋಡಿದ್ರಾ ಅಕ್ಕಾ? ಮೋಟರ್ ಓಡ್ತದೆ, ಬ್ಲೇಡ್ ನಿಂತೇ ಅದೆ, ಕಟಕಟ ಅಂತದೆ ಅಂದ್ರೆ ಕಪ್ಲರ್ ಹಲ್ಲು ಸವೆದದೆ ಅಂತ ಲೆಕ್ಕ. ಮೋಟರ್ ಮೇಲಿಂದು, ಜಾರ್ ತಳದ್ದು, ಎಲ್ಡೂ ನೋಡಿ. ಒಂದು ಸವೆದು ಇನ್ನೊಂದು ಹೊಸದಾದ್ರೆ ಹಳೇದು ಹೊಸದನ್ನೂ ತಿನ್ತದೆ, ಅದಕ್ಕೇ ಜೋಡಿ ಬದಲಾಯಿಸೋದು ಮೇಲು. ಕಪ್ಲರ್ ಅನ್ನ ಬೇಕಂತಲೇ ಮೆತ್ತಗೆ ಮಾಡಿರ್ತಾರೆ. ಜಾರ್ ಹಿಡ್ಕಂಡಾಗ ಅದು ಮುರೀಲಿ, ಮೋಟರ್ ಉಳೀಲಿ ಅಂತ. ಆದ್ರಿಂದ ಗಟ್ಟಿ ಇರ್ಲಿ ಅಂತ ಲೋಹದ್ದು ಹುಡುಕ್ಬ್ಯಾಡಿ.

ಬಿಚ್ಚೋದ್ರಲ್ಲೇ ಜನ ಎಡವೋದು. ಮಾಮೂಲಿ ನಟ್ಟಂಗೆ ಎಡಕ್ಕೆ ತಿರುಗಿಸಿದ್ರೆ ಇನ್ನೂ ಬಿಗೀತದೆ, ಆಮೇಲೆ ಸುತ್ತಿಗೆ ತಗಂಡು ಬಡೀತಾರೆ, ಶಾಫ್ಟೇ ಸೊಟ್ಟ ಆಯ್ತದೆ. ನೆಪ್ಪಲ್ಲಿಡಿ: ಮೋಟರ್ ಯಾವ ಕಡೆ ತಿರುಗ್ತದೋ ಅದೇ ಕಡೆ ತಿರುಗಿಸಿದ್ರೆ ಕಪ್ಲರ್ ಬಿಚ್ಚೋದು. ಓಡೋವಾಗ ಜಾರಿನ ಹೊರೆ ಕಪ್ಲರ್ ಅನ್ನ ಹಿಂದಕ್ಕೆ ಎಳೀತದೆ. ಆ ಎಳೆತಕ್ಕೆ ಬಿಚ್ಕಳ್ದೆ ಬಿಗಿ ಆಗ್ಲಿ ಅಂತ ಮರೆ (ಸ್ಕ್ರೂ ಥ್ರೆಡ್) ಹಂಗೆ ಕಡೆದಿರ್ತಾರೆ. ಖಾಲಿ ಮೋಟರ್ ಒಂದು ಸೆಕೆಂಡು ಓಡಿಸಿ, ನಿಲ್ಲೋವಾಗ ಮೇಲಿಂದ ನೋಡಿದ್ರೆ ದಿಕ್ಕು ತಿಳೀತದೆ. ಗಡಿಯಾರದ ಮುಳ್ಳಿನ ಕಡೆ ತಿರುಗೋ ಮೋಟರ್ ಆದ್ರೆ ಕಪ್ಲರ್ ಬಿಚ್ಚೋದೂ ಗಡಿಯಾರದ ಕಡೆಗೇ. ಜಾರ್ ಬೋರಲು ಹಾಕ್ಕಂಡು ಅದರ ಕಪ್ಲರ್ ಬಿಚ್ಚೋವಾಗ್ಲೂ ನಿಮ್ಮ ಕಣ್ಣಿಗೆ ಅದೇ ದಿಕ್ಕು.

ಶಾಫ್ಟು ಜತೇಲಿ ಸುತ್ತದಂಗೆ ಹಿಡ್ಕಬೇಕು. ಕೆಲವು ಮಿಕ್ಸಿ ತಳದಲ್ಲಿ ತೂತು ಇರ್ತದೆ, ಅದರೊಳಗೆ ಶಾಫ್ಟ್ ತುದೀಲಿ ಗೀರು ಇರ್ತದೆ, ಚಪ್ಪಟೆ ಸ್ಕ್ರೂಡ್ರೈವರ್ ಕೊಟ್ಟು ಹಿಡೀಬೋದು. ಇಲ್ದಿದ್ರೆ ತಳ ಬಿಚ್ಚಿ ಶಾಫ್ಟೇ ಹಿಡೀಬೇಕು. ಕಾರ್ಬನ್ ಉಜ್ಜೋ ತಾಮ್ರದ ಪಟ್ಟಿಗಳ ಉರುಳೆ, ಕಮ್ಯುಟೇಟರ್ ಅಂತಾರೆ, ಅದಕ್ಕೆ ಮಾತ್ರ ಇಕ್ಕಳ ಹಾಕ್ಬ್ಯಾಡಿ. ಜಾರಿಂದಾದ್ರೆ ಒಳಗಡೆ ಬ್ಲೇಡಿಗೆ ದಪ್ಪ ಟವಲ್ ನಾಕು ಮಡಿಕೆ ಸುತ್ತಿ ಹಿಡೀರಿ. ತೆಳ್ಳಗಿನ ಬಟ್ಟೆ ಸಾಲದು, ಕೈ ಕುಯ್ದೋಯ್ತದೆ.

ಕುವೆಂಪುನಗರ ಅಡುಗೆಮನೆ

ನೋಡಿದ್ದಾಯಿತು. ಮೋಟರ್ ಕಪ್ಲರ್ ಸರಾಗ, ಹಲ್ಲು ಸರಿ ಇವೆ. ದೊಡ್ಡ ಜಾರ್ ಸರಾಗ. ಸಣ್ಣ ಜಾರ್ ಎರಡು ಬೆರಳಲ್ಲಿ ಬಲ ಹಾಕಿದರೂ ಅಲುಗಲ್ಲ. ಜಾರ್ ಇಲ್ಲದೆ ಮೋಟರ್ ಚೆನ್ನಾಗೇ ಓಡುತ್ತೆ, ಆದರೆ ಕಿಡಿ ಹೆಚ್ಚು, ಕಿತ್ತಳೆ ಬಣ್ಣ.

ಸರಸ್ವತಿಪುರಂ

ಹಾಗಾದರೆ ನಿಮ್ಮ ಮೋಟರ್ ಹೋಗಿಲ್ಲ ಮೇಡಂ. ಸಣ್ಣ ಜಾರಿನ ಶಾಫ್ಟ್ ಬುಷ್‌ನೊಳಗೆ (ಶಾಫ್ಟ್ ತಿರುಗೋ ಲೋಹದ ಕೊಳವೆ) ಹಿಡಿದುಕೊಂಡಿದೆ, ಪಲ್ಸ್‌ನ ಜೋರಿಗೆ ಒಮ್ಮೊಮ್ಮೆ ಬಿಡುತ್ತೆ ಅಷ್ಟೆ. ಕಿಡಿ ಬೇರೆ ವಿಚಾರ, ಕಾರ್ಬನ್ನಿನದು.

ನಮ್ಮ ಕಡೆ ಸಣ್ಣ ಜಾರೇ ಮೊದಲು ಹಿಡಿಯೋದಕ್ಕೆ ಕಾರಣ ಉಂಟು. ಉಪ್ಸಾರಿನ ಖಾರ, ಚಟ್ನಿ, ಬಸ್ಸಾರಿನ ಮಸಾಲೆ ಎಲ್ಲದರಲ್ಲೂ ಉಪ್ಪು, ಹುಣಿಸೆಹಣ್ಣು ಇರುತ್ತೆ. ರುಬ್ಬುವಾಗ ನೀರು ಬ್ಲೇಡಿನ ಬುಡದ ವಾಶರ್ ದಾಟಿ ಬುಷ್‌ಗೆ ಇಳಿಯುತ್ತೆ. ತೊಳೆದು ನೆಟ್ಟಗೆ ಇಟ್ಟರೆ ಆ ನೀರು ಅಲ್ಲೇ ನಿಂತು, ಎಣ್ಣೆಯಂಶ ತೊಳೆದುಹೋಗಿ, ಶಾಫ್ಟಿಗೆ ತುಕ್ಕು ಹತ್ತುತ್ತೆ. ಕಾಯಿಯ ಜಿಡ್ಡು ಒಣಗಿ ಅಂಟಿನ ಥರ ಕೂರುತ್ತೆ.

ಬಿಡಿಸೋ ಕ್ರಮ: ಜಾರಿನೊಳಗೆ ಬ್ಲೇಡಿನ ಬುಡ ಮುಳುಗೋ ಅಷ್ಟು ಬಿಸಿನೀರು (ಕುದಿಯೋದು ಬೇಡ, ಕೈ ತಾಳೋದಕ್ಕಿಂತ ಸ್ವಲ್ಪ ಹೆಚ್ಚು), ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಅರ್ಧ ಗಂಟೆ ಬಿಡಿ. ನೀರು ಚೆಲ್ಲಿ, ಜಾರ್ ಬೋರಲು ಮಾಡಿ, ತಳದ ಕಪ್ಲರ್ ಮತ್ತು ಬುಷ್ ಸೇರೋ ಸಂದಿಗೆ ಎರಡು ಮೂರು ಹನಿ ಎಣ್ಣೆ ಬಿಡಿ. ಹತ್ತು ನಿಮಿಷ ಬಿಟ್ಟು ಕಪ್ಲರ್ ಅನ್ನ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಅಲುಗಿಸಿ. ಮೊದಲು ಕೂದಲೆಳೆಯಷ್ಟು ಅಲುಗುತ್ತೆ, ಆಮೇಲೆ ಕಾಲು ಸುತ್ತು, ಆಮೇಲೆ ಪೂರ್ತಿ. ಬ್ಲೇಡ್ ಹಿಡಿದು ತಿರುಗಿಸಬೇಡಿ. ಮೋಟರ್ ಮೇಲೆ ಕೂರಿಸಿ ಅದರ ಬಲದಲ್ಲಿ ಬಿಡಿಸೋ ಪ್ರಯತ್ನವಂತೂ ಬೇಡವೇ ಬೇಡ.

ಸರಾಗವಾದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರು ಹಾಕಿ ಐದೈದು ಸೆಕೆಂಡಿನಂತೆ ಪಲ್ಸ್ ಕೊಡಿ. ಕಂದು ನೀರು ಬರುತ್ತೆ, ಅದು ತುಕ್ಕು. ತಿಳಿಯಾಗೋ ತನಕ ನೀರು ಬದಲಾಯಿಸಿ. ಕೊನೆಗೆ ಬ್ಲೇಡಿನ ತುದಿ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿ ನೋಡಿ. ಮೇಲೆ ಕೆಳಗೆ ಕೂದಲೆಳೆಯಷ್ಟು ಆಡೋದು ಮಾಮೂಲು. ಅಕ್ಕಪಕ್ಕ ಲಟಲಟ ಅಂದರೆ ಬುಷ್ ಸವೆದಿದೆ, ಎಣ್ಣೆಯಿಂದ ಸರಿಹೋಗಲ್ಲ.

ಇಲವಾಲ

ಎಣ್ಣೆ ಅಂದರೆ ಕೊಬ್ಬರಿ ಎಣ್ಣೆ ತಾನೇ? ಬಾಯಿಗೆ ಹೋದರೂ ಚಿಂತೆ ಇಲ್ಲ.

ಸರಸ್ವತಿಪುರಂ

ಬಿಡಿಸೋಕೆ ಆ ಹೊತ್ತಿಗೆ ಆಗುತ್ತೆ ಸರ್, ಒಳಗೇ ಬಿಡೋಕೆ ಒಳ್ಳೇದಲ್ಲ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ. ಮಾರ್ಗಶಿರ, ಪುಷ್ಯದ ಬೆಳಿಗ್ಗೆ ನಮ್ಮ ಮೈಸೂರಿನ ಅಡುಗೆಮನೆಯಲ್ಲಿ ಬಾಟಲಿಯಲ್ಲೇ ಗಟ್ಟಿಯಾಗಿರುತ್ತಲ್ಲ, ಬುಷ್‌ನೊಳಗೂ ಹಾಗೇ. ದಿನ ಕಳೆದ ಹಾಗೆ ಅಡುಗೆ ಎಣ್ಣೆ ಯಾವುದೇ ಆದರೂ ಜಿಗುಟಾಗಿ ಮತ್ತೆ ಹಿಡಿಯುತ್ತೆ. ಹೊಲಿಗೆ ಮಿಷನ್ ಎಣ್ಣೆ ಜಿಗುಟಾಗಲ್ಲ, ಆದರೆ ತಿನ್ನೋ ಪದಾರ್ಥಕ್ಕೆ ಸೇರಬಾರದು. ಔಷಧಿ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಅಂತ ಸಿಗುತ್ತೆ, ಐಪಿ (ಇಂಡಿಯನ್ ಫಾರ್ಮಕೋಪಿಯಾ, ಔಷಧಿ ಗುಣಮಟ್ಟದ್ದು) ಅಂತ ಬರೆದಿರೋದು ತಗೊಳ್ಳಿ. ಬಣ್ಣ ಇಲ್ಲ, ವಾಸನೆ ಇಲ್ಲ, ಗಟ್ಟಿಯಾಗಲ್ಲ. ಒಂದು ಹನಿ ಸಾಕು.

ವೈಂಡಿಂಗ್ ಮಂಡ್ಯ

ಕಿಡಿ ವಿಚಾರಕ್ಕೆ ಬರ್ತೀನಿ. ಕಾರ್ಬನ್ ಬ್ರಷ್ ಇರೋ ಮೋಟರ್‌ನಲ್ಲಿ ಬ್ರಷ್ ತುದಿಯಲ್ಲಿ ಸಣ್ಣ ನೀಲಿ ಕಿಡಿ ಇರೋದು ಸಹಜ. ಕಿತ್ತಳೆ ಬಣ್ಣಕ್ಕೆ ತಿರುಗಿ, ಕಮ್ಯುಟೇಟರ್ ಸುತ್ತ ಉಂಗುರದ ಹಾಗೆ ಬೆಂಕಿ ಓಡಿದರೆ ಮೂರರಲ್ಲಿ ಒಂದು: ಬ್ರಷ್ ಸವೆದು ಸ್ಪ್ರಿಂಗ್ ಒತ್ತಡ ಸಾಲ್ತಿಲ್ಲ, ಕಮ್ಯುಟೇಟರ್ ಮೇಲೆ ಕಪ್ಪು ಕಟ್ಟಿದೆ, ಅಥವಾ ಆರ್ಮೇಚರ್‌ನ ಯಾವುದೋ ಸುತ್ತು ಹೋಗಿದೆ. ಮೊದಲೆರಡು ಮನೆಯಲ್ಲೇ ಆಗೋ ಕೆಲಸ.

ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಬೋರಲು ಹಾಕಿ. ತಳದ ಸ್ಕ್ರೂ ನಾಲ್ಕರಲ್ಲಿ ಒಂದೆರಡು ರಬ್ಬರ್ ಕಾಲಿನ ಅಡಿಯಲ್ಲಿ ಅಡಗಿರುತ್ತವೆ, ಸಿಗಲಿಲ್ಲ ಅಂತ ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ತಳ ಸೀಳುತ್ತೆ. ತೆಗೆದ ಕೂಡಲೇ ವೈರುಗಳ ಫೋಟೊ ತೆಗೆದುಕೊಳ್ಳಿ. ಒಳಗೆ ಹಿಟ್ಟಿನ ಧೂಳು, ಸತ್ತ ಜಿರಲೆ ಇದ್ದೇ ಇರುತ್ತವೆ. ಒಣ ಪೇಂಟ್ ಬ್ರಷ್‌ನಲ್ಲಿ ಗುಡಿಸಿ, ಒದ್ದೆ ಬಟ್ಟೆ ಬೇಡ.

ಕಮ್ಯುಟೇಟರ್ ಎರಡೂ ಪಕ್ಕ ಎದುರುಬದುರು ಬ್ರಷ್ ಹೋಲ್ಡರ್ ಇರುತ್ತೆ. ಕ್ಲಿಪ್ ಅಥವಾ ಮುಚ್ಚಳ ತೆಗೆದರೆ ಸ್ಪ್ರಿಂಗ್ ಹಾರುತ್ತೆ, ಬೆರಳು ಅಡ್ಡ ಇಟ್ಟುಕೊಳ್ಳಿ. ಯಾವ ಬ್ರಷ್ ಯಾವ ಕಡೆಯದು, ಯಾವ ಮುಖ ಮೇಲಿತ್ತು ಅಂತ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ. ಹಳೇ ಬ್ರಷ್‌ನೇ ವಾಪಸ್ ಹಾಕೋದಾದರೆ ಹಾಗೇ ಕೂರಬೇಕು, ಏಕೆಂದರೆ ಅದರ ತುದಿ ಕಮ್ಯುಟೇಟರ್ ಬಾಗಿಗೆ ಸರಿಯಾಗಿ ಸವೆದಿರುತ್ತೆ. ತಿರುವಿ ಹಾಕಿದರೆ ಒಂದು ಮೂಲೆ ಮಾತ್ರ ತಾಗಿ ಕಿಡಿ ಹೆಚ್ಚುತ್ತೆ.

ಕಾರ್ಬನ್ 6 ಮಿ.ಮೀ.ಗಿಂತ ಗಿಡ್ಡ ಆಗಿದ್ದರೆ, ಅಂಚು ಒಡೆದಿದ್ದರೆ, ಸ್ಪ್ರಿಂಗ್ ಸುಟ್ಟು ನೀಲಿಯಾಗಿದ್ದರೆ ಜೋಡಿ ಬದಲಾಯಿಸಿ. ಒಂದೇ ಬದಲಾಯಿಸಬೇಡಿ. ಅಂಗಡಿಗೆ ಹಳೇದನ್ನ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅಗಲ, ದಪ್ಪ ಎರಡೂ ಕೂಡಬೇಕು. ಹೋಲ್ಡರ್‌ನಲ್ಲಿ ಸ್ವಂತ ಭಾರಕ್ಕೆ ಜಾರಬೇಕು, ಆದರೆ ಅಲ್ಲಾಡಬಾರದು. ಸ್ವಲ್ಪ ದಪ್ಪ ಇದೆ ಅಂತ ಉಜ್ಜಿ ತುರುಕಿದರೆ ಬಿಸಿಗೆ ಅಲ್ಲೇ ಕಚ್ಚಿಕೊಂಡು, ಒಂದು ದಿನ ಮಿಕ್ಸಿ ಸದ್ದಿಲ್ಲದೆ ನಿಲ್ಲುತ್ತೆ.

ಕಮ್ಯುಟೇಟರ್ ಕಂದು ಬಣ್ಣ ಇದ್ದರೆ ಮುಟ್ಟಬೇಡಿ, ಅದು ಆರೋಗ್ಯವಾಗಿದೆ. ಕಪ್ಪಾಗಿ ಗೀರು ಬಿದ್ದಿದ್ದರೆ 400 ಅಥವಾ 600 ನಂಬರಿನ ಉಪ್ಪುಕಾಗದ ಸಣ್ಣ ಪಟ್ಟಿ ಕತ್ತರಿಸಿ, ಮೇಲಿಟ್ಟು ಕೈಯಲ್ಲಿ ಶಾಫ್ಟ್ ತಿರುಗಿಸಿ. ಎಮೆರಿ ಬಟ್ಟೆ ಬೇಡ, ಅದರ ಪುಡಿ ವಿದ್ಯುತ್ ಹರಿಸಬಲ್ಲದು, ತಾಮ್ರದ ಪಟ್ಟಿಗಳ ಮಧ್ಯೆ ಕೂತು ಶಾರ್ಟ್ ಮಾಡುತ್ತೆ. ಪಟ್ಟಿಗಳ ನಡುವಿನ ಸಂದಿಯಲ್ಲಿ ಕಾರ್ಬನ್ ಪುಡಿ ತುಂಬಿರುತ್ತೆ. ಹಲ್ಲುಕಡ್ಡಿಯಿಂದ ಒಂದೊಂದೇ ಗೀಚಿ ತೆಗೆಯಿರಿ. ಎಷ್ಟೋ ಸಲ ಇಷ್ಟಕ್ಕೇ ಕಿಡಿ ಅರ್ಧ ಇಳಿಯುತ್ತೆ.

ಹೊಸ ಬ್ರಷ್‌ನ ತುದಿ ಚಪ್ಪಟೆ ಇರುತ್ತೆ. ಅದೇ ಉಪ್ಪುಕಾಗದವನ್ನ ಒರಟು ಮುಖ ಹೊರಗೆ ಬರೋ ಹಾಗೆ ಕಮ್ಯುಟೇಟರ್‌ಗೆ ಸುತ್ತಿ, ಬ್ರಷ್ ಕೂರಿಸಿ, ಮೋಟರ್ ಓಡೋ ದಿಕ್ಕಿಗೇ ಹತ್ತು ಹದಿನೈದು ಸುತ್ತು ತಿರುಗಿಸಿದರೆ ಬಾಗು ಸಿಗುತ್ತೆ. ಕಾಗದ ತೆಗೆದು ಪುಡಿ ಊದಿ. ಮುಚ್ಚೋ ಮೊದಲು ವೈರು ಯಾವುದೂ ಫ್ಯಾನಿಗೆ ತಾಗ್ತಿಲ್ಲ ಅಂತ ಶಾಫ್ಟ್ ತಿರುಗಿಸಿ ನೋಡಿ. ಮೊದಲ ಒಂದೆರಡು ದಿನ ಒಣಮೆಣಸಿನಕಾಯಿ, ಧನಿಯ ಥರದ ಭಾರಿ ಒಣಪುಡಿ ಬೇಡ, ನೀರಿರೋ ರುಬ್ಬು ಮಾತ್ರ.

ಮಳವಳ್ಳಿ

ಇದೇ ಚರ್ಚೇಲಿ ಕೇಳ್ತೀನಿ, ಬೇಜಾರು ಮಾಡ್ಕೊಬೇಡಿ. 500 ವ್ಯಾಟಿನ ಮಿಕ್ಸಿ, ಸದ್ದೇ ಇಲ್ಲ. ತಳದ ಕೆಂಪು ಬಟನ್ ಒತ್ತಿದರೆ ಕೂರ್ತದೆ, ಮಿಕ್ಸಿ ಓಡ್ತದೆ, ಇಡ್ಲಿಹಿಟ್ಟು ಹಾಕಿದ ಎರಡೇ ನಿಮಿಷಕ್ಕೆ ಮತ್ತೆ ಹಾರ್ತದೆ. ಬೇಸಿಗೇಲಿ ಜಾಸ್ತಿ. ಬಟನ್‌ನ ಎರಡು ವೈರು ಸೇರಿಸಿಬಿಡಿ ಅಂತಾರೆ ಕೆಲವರು.

ಮಲ್ಟಿಮೀಟರ್ ಮೈಸೂರು

ಸೇರಿಸಬೇಡಿ ಅಣ್ಣ. ಅದು ಓವರ್‌ಲೋಡ್ ಸ್ವಿಚ್. ಕರೆಂಟ್ ಮಿತಿ ಮೀರಿದಾಗ ಒಳಗಿನ ಎರಡು ಲೋಹದ ಪಟ್ಟಿ ಬಿಸಿಗೆ ಬಾಗಿ ದಾರಿ ಕಡಿಯುತ್ತೆ. ಅದನ್ನ ತೆಗೆದರೆ ಮುಂದಿನ ಸಲ ಕಡಿಯೋದು ಫೀಲ್ಡ್ ಕಾಯಿಲ್ (ಮೋಟರ್‌ನ ತಿರುಗದ ಸುರುಳಿ). ಹಾರಿದ ಮೇಲೆ ಐದರಿಂದ ಹತ್ತು ನಿಮಿಷ ತಣ್ಣಗಾಗೋಕೆ ಬಿಟ್ಟು, ಸ್ವಿಚ್ 0ಯಲ್ಲಿಟ್ಟು ಬಟನ್ ಒತ್ತಿ, ಟಿಕ್ ಅನ್ನಬೇಕು. ತಣ್ಣಗಾದ ಮೇಲೂ ಕೂರದಿದ್ದರೆ ಅಥವಾ ಖಾಲಿ ಓಡಿಸಿದಾಗಲೂ ಹಾರಿದರೆ ಸ್ವಿಚ್ಚೇ ಸುಸ್ತಾಗಿದೆ. ಮೈಮೇಲೆ ಎಷ್ಟು ಆಂಪಿಯರ್ ಅಂತ ಬರೆದಿದೆಯೋ ಅಷ್ಟರದ್ದೇ ತಂದು ಹಾಕಿ.

ಬೇಸಿಗೇಲಿ ಜಾಸ್ತಿ ಅಂದಿರಲ್ಲ, ಅದು ಮುಖ್ಯ. ಪಂಪ್‌ಸೆಟ್ ಎಲ್ಲ ಒಟ್ಟಿಗೆ ಓಡೋ ಹೊತ್ತಿಗೆ ಸಾಕೆಟ್‌ನಲ್ಲಿ ವೋಲ್ಟೇಜ್ ಅಳೆದು ನೋಡಿ. 180ರ ಆಸುಪಾಸು ಬಂದರೆ ಇದೇ ಕಾರಣ. ಹಿಟ್ಟು ಗಟ್ಟಿ ಇದೆ, ಮೋಟರ್ ಹೆಚ್ಚುಕಡಿಮೆ ಅಷ್ಟೇ ಕರೆಂಟ್ ಎಳೆಯುತ್ತೆ, ಆದರೆ ನಿಧಾನ ತಿರುಗುತ್ತೆ. ನಿಧಾನ ತಿರುಗಿದರೆ ಫ್ಯಾನ್ ಗಾಳಿ ಕಮ್ಮಿ, ರುಬ್ಬೋ ಹೊತ್ತು ಜಾಸ್ತಿ. ಅಷ್ಟೂ ಬಿಸಿ ಒಳಗೇ ಉಳಿಯುತ್ತೆ. ಪಂಪ್‌ಸೆಟ್ ನಿಂತಿರೋ ಹೊತ್ತಲ್ಲಿ ರುಬ್ಬಿ, ಜಾರ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಉದ್ದಿಗೆ ನೀರು ಮೊದಲೇ ಸ್ವಲ್ಪ ಸೇರಿಸಿ. ಐದು ನಿಮಿಷ ಓಡಿದ ಮೇಲೆ ಎರಡು ನಿಮಿಷವಾದರೂ ಬಿಡುವು ಕೊಡಿ. ಅರಿಶಿನದ ಕೊಂಬನ್ನ ಮಿಕ್ಸಿಗೆ ಹಾಕೋದೇ ಬೇಡ, ಮಿಲ್ಲಿಗೆ ಕೊಡಿ.

ಬಟನ್ ಸರಿ ಇದ್ದೂ ಸದ್ದೇ ಇಲ್ಲ ಅನ್ನೋರಿಗೆ: ಸಾಕೆಟ್‌ನಿಂದ ಪ್ಲಗ್ ಕಿತ್ತು, ಮೀಟರನ್ನ 200 ಓಮ್‌ಗೆ ಇಟ್ಟು ಪ್ಲಗ್‌ನ ಎರಡು ಸಣ್ಣ ಪಿನ್ ಮಧ್ಯೆ ಅಳೆಯಿರಿ. ಸ್ವಿಚ್ 1ರಲ್ಲಿದ್ದಾಗ ಮಾಮೂಲಾಗಿ 10ರಿಂದ 40 ಓಮ್ ಒಳಗೆ ಬರುತ್ತೆ. ವೇಗ ಬದಲಾಯಿಸೋಕೆ ಫೀಲ್ಡ್ ಕಾಯಿಲ್ ನಡುವಿನಿಂದ ವೈರು (ಟ್ಯಾಪ್) ತೆಗೆದ ಮಾಡೆಲ್ ಆದರೆ 1ರಿಂದ 3ಕ್ಕೆ ಹೋದಂತೆ ಸ್ವಲ್ಪ ಇಳಿಯಬೇಕು. ಏನೂ ತೋರಿಸದಿದ್ದರೆ ವೈರನ್ನ ಮಿಕ್ಸಿಯೊಳಗೆ ಹೋಗೋ ಬಾಯಿಯ ಹತ್ತಿರ ಬಾಗಿಸಿ ನೋಡಿ, ಒಳಗೆ ಎಳೆ ತುಂಡಾಗೋದು ಹೆಚ್ಚಾಗಿ ಅಲ್ಲೇ. ಅದೂ ಸರಿ ಇದ್ದರೆ ಓವರ್‌ಲೋಡ್ ಸ್ವಿಚ್, ವೇಗ ಬದಲಾಯಿಸೋ ರೋಟರಿ ಸ್ವಿಚ್, ಬ್ರಷ್ ಹೀಗೆ ಒಂದೊಂದನ್ನೇ ಅಳೆಯುತ್ತಾ ಹೋಗಿ. 2, 3ರಲ್ಲಿ ಓಡಿ 1ರಲ್ಲಿ ಮಾತ್ರ ಓಡದಿದ್ದರೆ ರೋಟರಿ ಸ್ವಿಚ್‌ನ ಆ ಕಾಂಟ್ಯಾಕ್ಟ್ ಮೊದಲು ನೋಡಿ.

ಎಲ್ಲ ಮುಗಿದ ಮೇಲೆ ಇನ್ನೊಂದು ಅಳತೆ ಬಿಡಬೇಡಿ: ಮೀಟರನ್ನ ಅತಿ ಹೆಚ್ಚಿನ ಓಮ್‌ಗೆ ಇಟ್ಟು, ಸಣ್ಣ ಪಿನ್‌ಗೂ ಮೋಟರ್ ಶಾಫ್ಟಿಗೂ, ಸಣ್ಣ ಪಿನ್‌ಗೂ ದೊಡ್ಡ ಪಿನ್‌ಗೂ ನೋಡಿ. 2 ಮೆಗಾಓಮ್‌ಗಿಂತ ಕಮ್ಮಿ ಬಂದರೆ ಒಳಗೆ ತೇವ ಅಥವಾ ಸೋರಿಕೆ ಇದೆ, ಮಿಕ್ಸಿಯನ್ನ ಪ್ಲಗ್‌ಗೆ ಹಾಕಬಾರದು.

ಗಂಜಾಂ

ಆರ್ಮೇಚರ್ ನಿಜಕ್ಕೂ ಹೋಗಿದ್ದರೆ ರೀವೈಂಡಿಂಗ್ (ತಂತಿ ಹೊಸದಾಗಿ ಸುತ್ತಿಸೋದು) ಮಾಡಿಸಬಹುದಾ? ಹೋಗಿದೆ ಅಂತ ತಿಳಿಯೋದು ಹೇಗೆ?

ವೈಂಡಿಂಗ್ ಮಂಡ್ಯ

ಬ್ರಷ್ ಎರಡೂ ಹೊರಗೆ ತೆಗೆದು, ಕಮ್ಯುಟೇಟರ್‌ನ ಪಕ್ಕಪಕ್ಕದ ಎರಡು ಪಟ್ಟಿಗಳ ಮಧ್ಯೆ ಓಮ್ ಅಳೆಯುತ್ತಾ ಒಂದು ಸುತ್ತು ಬನ್ನಿ. ಎಷ್ಟು ಬಂತು ಅನ್ನೋದಕ್ಕಿಂತ ಎಲ್ಲ ಕಡೆ ಒಂದೇ ಬಂತಾ ಅನ್ನೋದು ಮುಖ್ಯ. ಒಂದು ಕಡೆ ಮಾತ್ರ ಥಟ್ಟನೆ ಏರಿದರೆ ಅಲ್ಲಿ ಸುತ್ತು ತುಂಡಾಗಿದೆ, ಇಳಿದರೆ ಶಾರ್ಟ್. ಪಟ್ಟಿಗೂ ಶಾಫ್ಟಿಗೂ ಮಧ್ಯೆ ಏನೂ ತೋರಿಸಬಾರದು. ಮೀಟರ್ ಇಲ್ಲದೆ ಸಿಗೋ ಸುಳಿವೂ ಇದೆ: ಮೋಟರ್ ಒಂದು ಜಾಗದಲ್ಲಿ ನಿಂತಾಗ ಹೊರಡಲ್ಲ, ಪ್ಲಗ್ ಕಿತ್ತು ಕಪ್ಲರ್ ಸ್ವಲ್ಪ ತಿರುಗಿಸಿಟ್ಟು ಮತ್ತೆ ಹಾಕಿದರೆ ಹೊರಡುತ್ತೆ ಅಂದರೆ ಆರ್ಮೇಚರ್ ಮೇಲೇ ಅನುಮಾನ.

ಪಂಪ್ ಮೋಟರ್ ಥರ ಇದನ್ನ ಕೈಯಲ್ಲಿ ಸುತ್ತಿಸೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಇಷ್ಟು ವೇಗದಲ್ಲಿ ಸುತ್ತೋ ಆರ್ಮೇಚರ್‌ಗೆ ತೂಕ ಎಲ್ಲ ಕಡೆ ಸಮ ಇರಬೇಕು. ಬ್ಯಾಲೆನ್ಸ್ ಮಾಡದೆ ಸುತ್ತಿಕೊಟ್ಟದ್ದು ನಡುಗಿ ನಡುಗಿ ಬುಷ್, ಬೇರಿಂಗ್ ತಿನ್ನುತ್ತೆ. ರೆಡಿ ಆರ್ಮೇಚರ್ ತಗೊಳ್ಳಿ. ಒಟ್ಟು ಉದ್ದ, ಶಾಫ್ಟ್ ದಪ್ಪ, ಕಮ್ಯುಟೇಟರ್ ಅಡ್ಡಳತೆ, ಪಟ್ಟಿಗಳ ಸಂಖ್ಯೆ ನಾಲ್ಕೂ ಹಳೇದಕ್ಕೆ ಕೂಡಬೇಕು. ಫೀಲ್ಡ್ ಕಾಯಿಲೂ ಕಪ್ಪಾಗಿದ್ದರೆ ಅದೂ ಇದೂ ಸೇರಿಸಿ ಲೆಕ್ಕ ಹಾಕಿ. ಹೊಸ ಮಿಕ್ಸಿ ಬೆಲೆಯ ಅರ್ಧ ದಾಟಿದರೆ ಬಿಟ್ಟುಬಿಡಿ, ಜಾರುಗಳನ್ನ ಮಾತ್ರ ಇಟ್ಟುಕೊಳ್ಳಿ.

ಕುವೆಂಪುನಗರ ಅಡುಗೆಮನೆ

ಸಣ್ಣ ಜಾರ್ ಬಿಟ್ಟಿತು. ಕಾರ್ಬನ್ ಒಂದು ಪಕ್ಕ 5 ಮಿ.ಮೀ. ಇತ್ತು, ಜೋಡಿ ಬದಲಾಯಿಸಿದ ಮೇಲೆ ಕಿಡಿ ನೀಲಿಗೆ ಇಳಿದಿದೆ. ಆದರೆ ಜಾರ್ ಬ್ಲೇಡ್ ಅಕ್ಕಪಕ್ಕ ಆಡುತ್ತೆ, ತಳದಲ್ಲಿ ಬೂದು ನೀರು ಜಿನುಗುತ್ತೆ. ಬುಷ್ ಮನೆಯಲ್ಲೇ ಹಾಕಬಹುದಾ?

ಸರಸ್ವತಿಪುರಂ

ಬುಷ್ ನಟ್ಟಿನಲ್ಲಿ ಕೂತಿದ್ದರೆ ಹಾಕಬಹುದು. ಬೋರಲು ಹಾಕಿ ಕಪ್ಲರ್ ಬಿಚ್ಚಿದಾಗ ಬುಷ್ ಸುತ್ತ ದೊಡ್ಡ ನಟ್ ಕಂಡರೆ ಅದು. ನಟ್ ಇಲ್ಲದೆ ಜಾರಿಗೇ ಒತ್ತಿ ಕೂರಿಸಿದ್ದು ಅಥವಾ ರಿವೆಟ್ ಹೊಡೆದದ್ದು ಆದರೆ ಅಂಗಡಿಗೇ ಕೊಡಿ, ಮನೆಯಲ್ಲಿ ಬಡಿದರೆ ಜಾರಿನ ತಳ ಬಾಗಿ ಮತ್ತೆ ಎಂದೂ ನೇರ ಕೂರಲ್ಲ. ತಳದಲ್ಲಿ ಬೂದು ನೀರು ಕಾಣೋ ಜಾರಿನಲ್ಲಿ ಅಲ್ಲಿವರೆಗೂ ಏನೂ ರುಬ್ಬಬೇಡಿ, ಆ ಬೂದು ಬುಷ್‌ನ ಲೋಹದ ಪುಡಿ.

ಕಪ್ಲರ್ ಬಿಚ್ಚಿ, ಅದರಡಿಯ ವಾಶರ್‌ಗಳನ್ನ ತೆಗೆದ ಕ್ರಮದಲ್ಲೇ ಒಂದು ದಾರಕ್ಕೆ ಪೋಣಿಸಿಡಿ. ಶಾಫ್ಟಿಗೆ ಸರ್ಕ್ಲಿಪ್ (ಜಾರದ ಹಾಗೆ ಹಿಡಿಯೋ ಸ್ಪ್ರಿಂಗ್ ಉಂಗುರ) ಇದ್ದರೆ ಅದನ್ನೂ ತೆಗೆದು ಬ್ಲೇಡ್ ಸಮೇತ ಒಳಗಿನಿಂದ ಎಳೆಯಿರಿ. ಶಾಫ್ಟಿನ ಮೇಲೆ ಉಗುರು ಎಳೆದು ನೋಡಿ. ಗೀರಿಗೆ ಉಗುರು ಸಿಕ್ಕಿಕೊಂಡರೆ ಬುಷ್ ಒಂದೇ ಬದಲಾಯಿಸಿ ಪ್ರಯೋಜನ ಇಲ್ಲ, ಬ್ಲೇಡ್ ಶಾಫ್ಟ್ ಸಮೇತ ಸೆಟ್ ತಗೊಳ್ಳಿ. ಹೊಸ ಬುಷ್ ಕೂರಿಸುವಾಗ ರಬ್ಬರ್ ವಾಶರ್ ಜಾರಿನ ಒಳಮುಖಕ್ಕೆ ಬರಬೇಕು, ಹಳೇದನ್ನ ವಾಪಸ್ ಹಾಕಬೇಡಿ. ನಟ್ ಕೈಯಲ್ಲಿ ಬಿಗಿದ ಮೇಲೆ ಸ್ಪ್ಯಾನರ್‌ನಲ್ಲಿ ಇನ್ನು ಕಾಲು ಸುತ್ತು ಸಾಕು, ಹೆಚ್ಚು ಬಿಗಿದರೆ ರಬ್ಬರ್ ಹಿಂಡಿ ಹೊರಗೆ ಬರುತ್ತೆ. ಬುಷ್‌ನೊಳಗೆ ಎರಡು ಹನಿ ಪ್ಯಾರಾಫಿನ್, ಶಾಫ್ಟ್ ಇಳಿಸಿ, ವಾಶರ್‌ಗಳು, ಕಪ್ಲರ್. ಬೆರಳಲ್ಲಿ ತಿರುಗಿಸಿದರೆ ಎರಡು ಮೂರು ಸುತ್ತಾದರೂ ತಾನೇ ಸುತ್ತಬೇಕು.

ಜಾರಿಗೆ ಅರ್ಧ ನೀರು ತುಂಬಿ ಒಣ ಪೇಪರ್ ಮೇಲೆ ಹತ್ತು ನಿಮಿಷ ಇಡಿ. ಪೇಪರ್ ಒಣಗಿದ್ದರೆ ಮಿಕ್ಸಿ ಮೇಲಿಟ್ಟು ಅದೇ ನೀರಲ್ಲಿ ಅರ್ಧ ನಿಮಿಷ ಓಡಿಸಿ ಮತ್ತೆ ಪೇಪರ್ ಮೇಲಿಡಿ, ಕೆಲವು ಸೋರೋದು ಓಡಿದ ಮೇಲೇ. ಮೊದಲ ಎರಡು ಸಲ ಒಂದು ಹಿಡಿ ಅಕ್ಕಿಯನ್ನ ನೀರು ಹಾಕಿ ರುಬ್ಬಿ ಚೆಲ್ಲಿ. ಬಿಳಿ ಹಿಟ್ಟಿನಲ್ಲಿ ಬೂದು ಬಣ್ಣ ಇದ್ದರೆ ಕಣ್ಣಿಗೆ ಕಾಣುತ್ತೆ. ಕಾಣದಿದ್ದರೆ ಚಟ್ನಿಗೆ ಹಾಕಬಹುದು.